ಅಂಪೈರ್ ಮೂರನೆಯವನು, ಚಕ್ರವರ್ತಿಯಲ್ಲ

ಸಂಪಾದಕರೇ,

ಅಂಪೈರ್ ಅನ್ನೋ ಪದ ಎಂಪೈರ್‌ನಿಂದ ಬಂತು, ಮೈದಾನದಲ್ಲಿ ಅವರದ್ದೇ ಸಾಮ್ರಾಜ್ಯ ನೋಡಿ ಎಂದು ಎಷ್ಟೋ ಜನ ನಂಬಿದ್ದಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಎರಡಕ್ಕೂ ಸಂಬಂಧವೇ ಇಲ್ಲ.

ಮೂಲ ಪದ ಹಳೆಯ ಫ್ರೆಂಚಿನ ನಾನ್‌ಪೆರ್. ನಾನ್ ಅಂದರೆ ಅಲ್ಲ, ಪೆರ್ ಅಂದರೆ ಜೋಡಿ, ಸಮ. ಯಾರಿಗೂ ಜೋಡಿಯಾಗದೆ ಉಳಿದವನು, ಇಬ್ಬರ ಜಗಳಕ್ಕೆ ಮೂರನೆಯವನು. ಇಂಗ್ಲಿಷಿಗೆ ಬಂದು ಅದು ನೌಂಪೆರ್ ಆಯ್ತು. ಆಮೇಲೆ ಕಿವಿ ಮೋಸ ಮಾಡಿತು. ‘ಎ ನೌಂಪೆರ್’ ಅಂತ ಬೇಗ ಬೇಗ ಹೇಳಿ ನೋಡಿ, ‘ಆನ್ ಔಂಪೆರ್’ ಅಂತಲೇ ಕೇಳಿಸುತ್ತೆ ಅಲ್ವಾ? ಹಾಗೆ ಮೊದಲಿನ ‘ನ್’ ಅಕ್ಷರ ಹಿಂದಿನ ಪದಕ್ಕೆ ಅಂಟಿಕೊಂಡು ಹೋಯಿತು. ಏಪ್ರನ್ ಕೂಡ ಮೊದಲು ನೇಪ್ರನ್ ಆಗಿದ್ದದ್ದೇ.

ಈ ಪದ ಕ್ರಿಕೆಟ್ಟಿಗಿಂತ ಹಳೆಯದು, ಪಂಚಾಯ್ತಿಕೆಯದು. ಎರಡೂ ಕಡೆಯವರು ಒಬ್ಬೊಬ್ಬ ಮಧ್ಯಸ್ಥನನ್ನು ಆರಿಸುತ್ತಾರೆ, ಆ ಇಬ್ಬರೂ ಒಪ್ಪದಿದ್ದರೆ ಮಾತ್ರ ಅಂಪೈರ್ ತೀರ್ಪು ಕೊಡುತ್ತಾನೆ. ಇಂಗ್ಲೆಂಡಿನ 1996ರ ಮಧ್ಯಸ್ಥಿಕೆ ಕಾಯ್ದೆಯಲ್ಲೂ ಈ ಅಂಪೈರ್ ಇದ್ದಾನೆ.

1744ರ ಕ್ರಿಕೆಟ್ ನಿಯಮಗಳಲ್ಲೇ ಅಂಪೈರ್ ಕಾಣಿಸುತ್ತಾರೆ, ಆ ಹಳೆಯ ಗುಣ ಆಟದಲ್ಲಿ ಇವತ್ತಿಗೂ ಉಳಿದಿರುವುದೇ ನನಗೆ ತುಂಬಾ ಇಷ್ಟ. ಚೆಂಡು ಬ್ಯಾಟಿನ ಅಂಚಿಗೆ ಸವರಿ ಕೀಪರ್ ಕೈ ಸೇರಿತು ಅನ್ನಿ. ಬೌಲಿಂಗ್ ತಂಡದವರು ಯಾರೂ ಅಪೀಲ್ ಮಾಡಲಿಲ್ಲ. ಆಗ ಅಂಪೈರ್‌ಗೆ ಅದು ಸ್ಪಷ್ಟವಾಗಿ ಗೊತ್ತಿದ್ದರೂ ತಾವಾಗಿ ಔಟ್ ಕೊಡುವ ಹಾಗಿಲ್ಲ. 31ನೇ ನಿಯಮ ಹೇಳುವುದು ಅದನ್ನೇ: ಕೇಳಿದರೆ ಮಾತ್ರ ತೀರ್ಪು. ಚಕ್ರವರ್ತಿ ಹೀಗೆ ಯಾರಾದರೂ ಕೇಳಲಿ ಅಂತ ಕಾಯುತ್ತಾನಾ?

ಹೀಗಿರುವಾಗ ಆತಿಥೇಯ ದೇಶದವರೇ ಟೆಸ್ಟ್ ಪಂದ್ಯಕ್ಕೆ ಅಂಪೈರ್ ಆಗುತ್ತಿದ್ದದ್ದು ಆ ಪದಕ್ಕೇ ಒಪ್ಪದ ಏರ್ಪಾಡು. 1986ರಲ್ಲಿ ಲಾಹೋರಿನಲ್ಲಿ ಪಾಕಿಸ್ತಾನ–ವೆಸ್ಟ್ ಇಂಡೀಸ್ ಟೆಸ್ಟಿಗೆ ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ನಿಂತರು. ಇಬ್ಬರೂ ತಟಸ್ಥ ದೇಶದವರೇ ಇರಬೇಕು ಎಂಬುದು ಟೆಸ್ಟಿನಲ್ಲಿ ಪದ್ಧತಿಯಾಗಿದ್ದು 2002ರಲ್ಲಿ. ಅಷ್ಟು ತಡ ಆಗಬಾರದಿತ್ತು.

ಪತ್ರಿಕೆಗಳ ಕ್ರೀಡಾ ಪುಟಗಳಿಗೆ ನನ್ನದೊಂದು ಕೋರಿಕೆ. ಅಂಪೈರ್ ತೀರ್ಪು ತಪ್ಪಾದರೆ ತಪ್ಪು ಅಂತ ಖಂಡಿತ ಬರೆಯಿರಿ, ರೀಪ್ಲೇ ಇದೆ, ಎಲ್ಲರಿಗೂ ಕಾಣುತ್ತೆ. ಆದರೆ ಸುಮ್ನೆ ‘ಪಕ್ಷಪಾತ’ ಅಂತ ತಲೆಬರಹ ಕೊಡಬೇಡಿ. ಚೆಂಡು ಎಲ್ಲಿ ಬಿತ್ತು ಅಂತ ರೀಪ್ಲೇ ತೋರಿಸುತ್ತೆ, ಅವರು ಯಾರ ಕಡೆ ಇದ್ದರು ಅಂತ ತೋರಿಸಲ್ಲ. ಮೂರನೆಯವನ ಮೇಲೆ ಅದಕ್ಕಿಂತ ದೊಡ್ಡ ಆರೋಪ ಇಲ್ಲ, ಆಧಾರ ಇದ್ದರೆ ಮಾತ್ರ ಅಚ್ಚು ಹಾಕಿ.

ಇಂತಿ,
ಒಬ್ಬ ಓದುಗ