ಶಾಸಕರೇ, ಮುಂದಿನ ಸಲ ಓಟು ಕೇಳುವ ಮೊದಲು ಮಳೆಯ ಬಗ್ಗೆ ಮಾತಾಡಿ

ಮಾನ್ಯ ಶಾಸಕರಿಗೆ,

ನಮಸ್ಕಾರ.

ನಾನು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಸಣ್ಣ ಬೆಳೆಗಾರ್ತಿ. ಮೂರೂವರೆ ಎಕರೆ ಕಾಫಿ, ಅದರೊಳಗೆ ಮೆಣಸು, ಹಳ್ಳದ ಪಕ್ಕ ಒಂದಿಷ್ಟು ಅಡಿಕೆ. ನಿಮಗೆ ಈ ಮೊದಲು ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ಸೀಲು ಒತ್ತಿದ ಪ್ರತಿ ನನ್ನ ಹತ್ತಿರ ಇದೆ. ಉತ್ತರ ಒಂದಕ್ಕೂ ಬಂದಿಲ್ಲ. ಹಾಗಾಗಿ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡಿ.

ನಾನು ಕೇಳುವುದು ಇಷ್ಟೇ. ಹವಾಮಾನ ಬದಲಾವಣೆ ಬಗ್ಗೆ ಹೋಬಳಿಗೊಂದು ಸಭೆ ಕರೆಯಿರಿ. ಅದರಲ್ಲಿ ಬೇರೆ ವಿಷಯ ಬೇಡ. ನೀವೇ ಬಂದು ಕೊನೆಯವರೆಗೂ ಕೂರಿ. ಈ ವಿಷಯದಲ್ಲಿ ಏನು ಮಾಡುತ್ತೀರಿ ಅಂತ ಮುಂದಿನ ಚುನಾವಣೆಗೆ ಮೊದಲು ಬರೆದು ಕೊಡಿ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಮಾವನವರು ದಿನಾ ಬೆಳಗ್ಗೆ ಅಂಗಳದ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆಯುತ್ತಿದ್ದರು. ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು). ಕಾಫಿ ತೋಟದವರ ಮನೆಗಳಲ್ಲಿ ಇದು ಹೊಸತಲ್ಲ, ನಿಮಗೂ ಗೊತ್ತು. ಅವರು ಹೋದ ಮೇಲೆ ನಾನು ಬರೆಯುತ್ತಿದ್ದೇನೆ. ಹಳೇ ಡೈರಿ ತೆಗೆದರೆ ಒಂದು ಕ್ರಮ ಕಾಣುತ್ತದೆ. ಮಾರ್ಚ್ ಆಸುಪಾಸಿನಲ್ಲಿ ಹೂಮಳೆ. ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಆಮೇಲೆ ಬ್ಯಾಕಿಂಗ್ ಮಳೆ, ಅಂದರೆ ಹೂ ಕಾಯಿ ಕಟ್ಟಲು ಬೇಕಾದ ಎರಡನೇ ಮಳೆ. ಆರಿದ್ರಾ ಹೊತ್ತಿಗೆ ಮುಂಗಾರು ಹಿಡಿದುಕೊಂಡಿರುತ್ತದೆ. 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಅಂತ ಮಾವ ಪುಟದ ಅಂಚಿನಲ್ಲಿ ಬರೆದಿಟ್ಟಿದ್ದೂ ಇದೆ.

ಈಗ ನನ್ನ ಡೈರಿ ನೋಡಿ. 2019ರ ಆಗಸ್ಟ್, ಆಶ್ಲೇಷ ಮಳೆ. ಬೆಳಗ್ಗೆ ಹೋಗಿ ನೋಡಿದರೆ ಮಾಪಕದ ಡಬ್ಬ ತುಂಬಿ ಹೊರಗೆ ಚೆಲ್ಲಿತ್ತು. ಎಷ್ಟು ಇಂಚು ಅಂತ ಬರೆಯಲಿಕ್ಕೇ ಆಗಲಿಲ್ಲ. 'ತುಂಬಿ ಚೆಲ್ಲಿದೆ' ಅಂತ ಮಾತ್ರ ಬರೆದೆ. ಅದೇ ಮಳೆಯಲ್ಲಿ ಮೂಡಿಗೆರೆ ಕಡೆ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿಯಲ್ಲಿ ಗುಡ್ಡ ಜರಿದು ಮನೆ, ಗದ್ದೆ, ತೋಟ ಹೋದವು. ಮನೆ ಬಿಟ್ಟು ಬಂದವರು ಬದಲಿ ಜಾಗಕ್ಕೆ ವರ್ಷಗಟ್ಟಲೆ ಅಲೆದರು. 2021ರ ಜನವರಿಯಲ್ಲಿ ಮಳೆ ಬಂತು. ಒಂದೇ ಕೊಂಬೆಯಲ್ಲಿ ಹಣ್ಣೂ ಇತ್ತು, ಹೂವೂ ಅರಳಿತ್ತು. ಹಣ್ಣು ಕೊಯ್ದರೆ ಹೂ ಉದುರುತ್ತದೆ, ಬಿಟ್ಟರೆ ಹಣ್ಣು ಉದುರುತ್ತದೆ. ಕೆಲಸಕ್ಕೆ ಬಂದ ಹೆಂಗಸರು ಗಿಡದ ಮುಂದೆ ನಿಂತು ನನ್ನ ಮುಖ ನೋಡಿದರು. ಅದೇ ವರ್ಷ ನವೆಂಬರ್‌ನಲ್ಲಿ ಬಿಸಿಲೇ ಕಾಣಲಿಲ್ಲ. ಅರೇಬಿಕಾ ಕಾಫಿ ಹಣ್ಣು ಒಡೆದು ನೆಲಕ್ಕೆ ಬಿತ್ತು. ಒಣಗಲು ಕಣದಲ್ಲಿ ಹಾಕಿದ್ದಕ್ಕೆ ಬೂಸಲು ಬಂತು. ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಪಲ್ ಎಳೆದಿದ್ದು ಈಗಲೂ ಕನಸಿನಲ್ಲಿ ಬರುತ್ತದೆ. 2023ರಲ್ಲಿ ಪೂರ್ತಿ ಉಲ್ಟಾ. ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ನಮ್ಮ ಹಳ್ಳ ಬತ್ತಿದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ನೋಡಿದ್ದು ಅದೇ ಮೊದಲು.

ಇನ್ನು ಬೆಳೆವಿಮೆಯ ವಿಷಯ. ಇದನ್ನು ಪೂರ್ತಿ ಹೇಳದೆ ನನಗೆ ಸಮಾಧಾನವಿಲ್ಲ.

ಅಡಿಕೆಗೂ ಮೆಣಸಿಗೂ ಹವಾಮಾನ ಆಧಾರಿತ ಬೆಳೆವಿಮೆ ಇದೆ. ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ರೈತರ ಪಾಲು ನೂರಕ್ಕೆ ಐದು. ಪಂಚಾಯ್ತಿಯ ಮಳೆಮಾಪನ ಯಂತ್ರದಲ್ಲಿ ಎಷ್ಟು ದಾಖಲಾಗಿದೆಯೋ ಅದರ ಮೇಲೆ ಪರಿಹಾರ. ತೋಟಕ್ಕೆ ಬಂದು ಯಾರೂ ನೋಡುವುದಿಲ್ಲ. ನಾನು ಕಂತು ಕಟ್ಟಿದ್ದೆ. ಒಂದು ಮಳೆಗಾಲದಲ್ಲಿ ವಾರವಿಡೀ ಹಳ್ಳದ ಸಂಕ (ಕಿರುಸೇತುವೆ) ಮುಳುಗಿ ಊರಿಂದ ಹೊರಗೆ ಕಾಲಿಡಲು ಆಗಲಿಲ್ಲ. ಔಷಧಿ ಹೊಡೆಯಲಿಕ್ಕೆ ಎರಡು ಗಂಟೆ ಹೊಳವು ಸಿಗಲಿಲ್ಲ. ಕೊಳೆ ರೋಗ ಬಂದು ಹಸಿ ಅಡಿಕೆ ಮರದ ಬುಡದಲ್ಲಿ ಹಾಸಿಕೊಂಡಿತು. ಹಣ ಬರಲಿಲ್ಲ ಅಂತ ವಿಚಾರಿಸಲು ಹೋದೆ. ಅಲ್ಲಿದ್ದವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸಿದರು. ಆ ವಾರ ಏಳು ದಿನವೂ ಮಳೆ ಸೊನ್ನೆ.

ನಾನು ಡೈರಿ ತೆಗೆದು ತೋರಿಸಿದೆ. 'ಅಮ್ಮ, ನಿಮ್ಮ ಪುಸ್ತಕ ನಡೆಯಲ್ಲ. ಯಂತ್ರದಲ್ಲಿ ಮಳೆ ಬಂದಿಲ್ಲ ಅಂದ್ರೆ ಬಂದಿಲ್ಲ' ಅಂದರು.

ವಾಪಸ್ ಬರುವಾಗ ಆ ಯಂತ್ರ ನೋಡಲು ಹೋದೆ. ಬೇಲಿಯೊಳಗೆ ನನ್ನ ಎದೆಮಟ್ಟ ಹುಲ್ಲು. ಮಳೆನೀರು ಬೀಳಬೇಕಾದ ಬಾಯಿಗೆ ಬಳ್ಳಿ ಸುತ್ತಿಕೊಂಡು ಎಲೆ ಕೊಳೆತು ತುಂಬಿತ್ತು. ನಾನು ಅಲ್ಲೇ ರಸ್ತೆ ಬದಿ ಕೂತು ಅತ್ತೆ. ಹಣ ಹೋಯಿತು ಅಂತ ಅಲ್ಲ. ಮಾವ, ನಾನು ಸೇರಿ ಐವತ್ತು ವರ್ಷ ಬರೆದ ಮಳೆ ಸುಳ್ಳಾಯಿತು, ಆ ಡಬ್ಬದ ಸೊನ್ನೆ ನಿಜವಾಯಿತು ಅಂತ. ಮೂರು ಅರ್ಜಿ ಬರೆದಿದ್ದು ಇದಕ್ಕೇ. ತಾಲ್ಲೂಕಿನ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಗೆ ನೀವೇ ಅಧ್ಯಕ್ಷರು. ಪಂಚಾಯ್ತಿಗಳ ಮಳೆಮಾಪಕ ಎಷ್ಟು ಸರಿ ಇವೆ, ಎಷ್ಟು ಕೆಟ್ಟಿವೆ ಅಂತ ಒಂದು ಸಭೆಯಲ್ಲಿ ಕೇಳಲು ಐದು ನಿಮಿಷ ಸಾಕಿತ್ತು. ಐದು ನಿಮಿಷ ಸರ್!

ಈಗ ಚುನಾವಣೆಗೆ ಬರುತ್ತೇನೆ. 2024ರ ಏಪ್ರಿಲ್ 26ರಂದು ನಾವು ಲೋಕಸಭೆಗೆ ಓಟು ಹಾಕಿದೆವು. ಉರಿಬಿಸಿಲು. ಕಡೂರು ಕಡೆ ಕೆರೆ ಒಣಗಿ ಬೋರ್‌ವೆಲ್‌ಗಳು ಕೈಕೊಟ್ಟಿದ್ದವು. ಅದಕ್ಕೂ ಒಂದು ತಿಂಗಳ ಹಿಂದೆ, ಮಾರ್ಚ್ 21ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತ್ತು. ರಾಜಸ್ಥಾನ, ಗುಜರಾತಿನ ಒಂದು ಹಕ್ಕಿಯ ಉಳಿವಿನ ಕೇಸು ಅದು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದು ನಾಗರಿಕರ ಹಕ್ಕು, ಸಂವಿಧಾನದ 14 ಮತ್ತು 21ನೇ ವಿಧಿಯಲ್ಲೇ ಅದು ಇದೆ ಅಂತ. ನಮ್ಮ ಕಡೆ ಪ್ರಚಾರಕ್ಕೆ ಬಂದ ಒಬ್ಬರೂ ಇದರ ಸುದ್ದಿ ಎತ್ತಲಿಲ್ಲ. ಬರ ಚುನಾವಣೆಯ ವಿಷಯವೇ ಆಗಿರಲಿಲ್ಲ ಅಂತ ಹೇಳುವುದಿಲ್ಲ. ಆಗಿತ್ತು. ಆದರೆ ಹೇಗೆ? ರಾಜ್ಯ 18 ಸಾವಿರ ಕೋಟಿಗೂ ಜಾಸ್ತಿ ಕೇಳಿತು, ಕೇಂದ್ರ ಸುಮಾರು 3,450 ಕೋಟಿ ಕೊಟ್ಟಿತು, ಕೊಟ್ಟವರು ಸರಿಯಾ ಕೇಳಿದವರು ಸರಿಯಾ ಅಂತ ಜಗಳ. ಆ ಬರ ಯಾಕೆ ಬಂತು, ಮತ್ತೆ ಬಂದರೆ ಏನು ಮಾಡುವುದು ಅಂತ ಯಾರೂ ಕೇಳಲಿಲ್ಲ.

ನಮ್ಮ ಕಾಫಿ ಕಣಕ್ಕೂ ಓಟು ಕೇಳಲು ಬಂದಿದ್ದರು. ಯಾವ ಪಕ್ಷ ಅಂತ ಹೇಳುವುದಿಲ್ಲ, ಬೇರೆಯವರು ಬಂದಿದ್ದರೂ ಅದೇ ಉತ್ತರ ಸಿಗುತ್ತಿತ್ತು. ಮಳೆ ಹೀಗಾಗಿದೆಯಲ್ಲ, ನಿಮ್ಮವರು ಏನು ಮಾಡುತ್ತಾರೆ ಅಂತ ಕೇಳಿದೆ. ಒಬ್ಬ ಹುಡುಗ ನಕ್ಕ. 'ಅಕ್ಕ, ಮಳೆ ದೇವರ ಕೈಯಲ್ಲಿ. ಗ್ಲೋಬಲ್ ವಾರ್ಮಿಂಗ್ ಎಲ್ಲ ಅಮೆರಿಕದವರು ನೋಡ್ಕೊಳ್ಳಬೇಕು' ಅಂದ. ಕರಪತ್ರ ಕೈಗಿಟ್ಟು ಹೊರಟ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನಮ್ಮ ಊರಿನಲ್ಲಿ ಮಳೆ ಬದಲಾಗಿದೆ ಅಂತ ಗೊತ್ತಿಲ್ಲದವರು ಒಬ್ಬರೂ ಇಲ್ಲ. ಬಸ್ಸಿನಲ್ಲಿ, ಸೊಸೈಟಿಯಲ್ಲಿ, ಮದುವೆ ಮನೆಯಲ್ಲಿ ಅದೇ ಮಾತು. 'ಕಾಲ ಕೆಟ್ಟಿದೆ' ಅನ್ನುತ್ತಾರೆ. ಕೆಲವರು ಮೊಬೈಲ್ ಟವರ್ ಅನ್ನುತ್ತಾರೆ. ಕೆಲವರು ಪ್ಲಾಸ್ಟಿಕ್, ಇನ್ನು ಕೆಲವರು ಓಜೋನ್ ಪದರದಲ್ಲಿ ತೂತು. ಮರ ಕಡಿದಿದ್ದಕ್ಕೆ ಅನ್ನುವವರು ಜಾಸ್ತಿ. ಅದರಲ್ಲಿ ನಿಜವೂ ಇದೆ, ಆದರೆ ಅರ್ಧ ನಿಜ. ದೊಡ್ಡ ಕಾರಣ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಗ್ಯಾಸ್ ಸುಡುವುದು. ಆ ಹೊಗೆಯ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಅರ್ಧ ಗಾಳಿಯಲ್ಲೇ ಉಳಿಯುತ್ತದೆ. ಕಾರ್ಖಾನೆಗಳ ಕಾಲಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು 280 ಪಾಲು ಇತ್ತು. ಈಗ 420 ದಾಟಿದೆ. ಮಳೆಗಾಲದ ಕಂಬಳಿಕೊಪ್ಪೆಯನ್ನು ಬಿಸಿಲಲ್ಲೂ ಹೊದ್ದು ನಿಂತ ಹಾಗೆ ಭೂಮಿಗೆ ಸೆಕೆ. ಒಂದು ಡಿಗ್ರಿ ಬಿಸಿ ಏರಿದರೆ ಗಾಳಿ ನೂರಕ್ಕೆ ಏಳರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ. ಹಿಡಿದಿದ್ದನ್ನು ಒಂದೇ ಸಲ ಸುರಿಯುತ್ತದೆ. ಅರಬ್ಬೀ ಸಮುದ್ರವೂ ಬಿಸಿಯಾಗಿದೆ. 2024 ದಾಖಲೆಯಲ್ಲೇ ಅತಿ ಬಿಸಿಯ ವರ್ಷ ಅಂತ ವಿಶ್ವ ಹವಾಮಾನ ಸಂಸ್ಥೆ ಹೇಳಿದೆ, ಹಳೇ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಜಾಸ್ತಿ. ಪ್ರತಿಯೊಂದು ಮಳೆಯನ್ನೂ ಇದರ ತಲೆಗೆ ಕಟ್ಟುವುದು ಸರಿಯಲ್ಲ. 2023ರ ಬರಕ್ಕೆ ಎಲ್ ನಿನೋ, ಅಂದರೆ ಪೆಸಿಫಿಕ್ ಸಮುದ್ರ ಬಿಸಿಯಾಗಿ ನಮ್ಮ ಮಳೆ ತಗ್ಗಿಸುವುದು, ಕೂಡ ಕಾರಣ. ಆದರೆ ಮಾವನ ಡೈರಿಯ ಕ್ರಮ ತಪ್ಪಿದ್ದು ಸುಮ್ನೆ ಅಲ್ಲ.

ಇಷ್ಟನ್ನು ನಾನು ಕಲಿತಿದ್ದು ಮಗಳ ಕಾಲೇಜು ಪುಸ್ತಕದಿಂದ, ಅವಳ ಪಕ್ಕ ಕೂತು. ಹತ್ತು ನಿಮಿಷದ ಮಾತು. ಈ ಹತ್ತು ನಿಮಿಷವನ್ನು ಒಂದು ವೇದಿಕೆಯಲ್ಲಿ ಯಾವ ನಾಯಕರೂ ನಮಗೆ ಕೊಟ್ಟಿಲ್ಲ. ಜೂನ್ 5ರ ಪರಿಸರ ದಿನಕ್ಕೆ ಬಂದು ಒಂದು ಸಸಿ ನೆಟ್ಟು ಫೋಟೊ ತೆಗೆಸಿಕೊಂಡು ಹೋಗುತ್ತೀರಿ. ಆ ಸಸಿಗೆ ಏಪ್ರಿಲ್‌ನಲ್ಲಿ ನೀರು ಹಾಕುವವರು ಯಾರು?

ಮಲೆನಾಡಿನಲ್ಲಿ ಪರಿಸರ ಓಟಿನ ವಿಷಯ ಆಗುವುದು ಒಂದೇ ಸಲ. ಪಶ್ಚಿಮಘಟ್ಟ ಉಳಿಸುವ ಬಗ್ಗೆ ಕಸ್ತೂರಿರಂಗನ್ ವರದಿ ಬಂದಾಗ. ಆಗ ಅದನ್ನು ವಿರೋಧಿಸಲು ಎಲ್ಲ ಪಕ್ಷಗಳೂ ಒಂದೇ. 2024ರ ಜುಲೈ 16ಕ್ಕೆ ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿಯಿತು. 30ಕ್ಕೆ ಕೇರಳದ ವಯನಾಡಿನಲ್ಲಿ. ಮರುದಿನ ಆ ವರದಿ ಜಾರಿಗೆ ಕೇಂದ್ರದ ಆರನೇ ಕರಡು ಅಧಿಸೂಚನೆ ಬಂತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವರದಿ ಬೇಡ ಅಂತ ತೀರ್ಮಾನಿಸಿತು. ನನಗೂ ಆ ವರದಿ ಅಂದರೆ ಭಯ ಇತ್ತು. ತೋಟ ಹೋಗುತ್ತದೆ, ಒಕ್ಕಲೆಬ್ಬಿಸುತ್ತಾರೆ ಅಂತ ಕೇಳಿಯೇ ನಾನೂ ಒಂದು ಪ್ರತಿಭಟನೆಗೆ ಹೋಗಿದ್ದೆ. ಅದಕ್ಕೂ ಮೊದಲಿನ ಪಶ್ಚಿಮಘಟ್ಟದ ಬಗ್ಗೆಯೇ ಇದ್ದ 2011ರ ಗಾಡ್ಗೀಳ್ ವರದಿಯಲ್ಲಿ ಗ್ರಾಮಸಭೆಯ ಅಭಿಪ್ರಾಯ ಕೇಳಿಯೇ ತೀರ್ಮಾನ ಮಾಡಿ ಅಂತ ಇತ್ತು. ಅದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ನಮ್ಮ ಗ್ರಾಮಸಭೆಯಲ್ಲಿ ಅದನ್ನು ಯಾರೂ ಓದಿ ಹೇಳಲಿಲ್ಲ. ಬೇಡ ಅನ್ನುವುದಾದರೆ ಅನ್ನಿ. ಅದರ ಬದಲು ಏನು ಅಂತ ಹೇಳಬೇಕಾದವರು ನೀವಲ್ವಾ?

2024ರಲ್ಲಿ ಕಾಫಿ ರೇಟು ಏರಿದಾಗ, ರೇಟು ಚೆನ್ನಾಗಿದೆಯಲ್ಲ, ಏನು ತೊಂದರೆ ಅಂದವರೂ ಇದ್ದಾರೆ. ರೋಬಸ್ಟಾ ಕಾಫಿ ರೇಟು ಹಾಗೆ ಏರಿದ್ದು ಯಾಕೆ? ವಿಯೆಟ್ನಾಂನಲ್ಲಿ, ಬ್ರೆಜಿಲ್‌ನಲ್ಲಿ ಬರ ಬಿತ್ತು. ಅಲ್ಲಿಯ ಬೆಳೆಗಾರನ ಗಿಡ ಒಣಗಿದ್ದಕ್ಕೆ ನನ್ನ ಚೀಲಕ್ಕೆ ಬೆಲೆ ಬಂತು. ಆ ದುಡ್ಡು ಎಣಿಸುವಾಗ ನನಗೆ ನೆಮ್ಮದಿ ಇರಲಿಲ್ಲ. ನಾಳೆ ಒಣಗುವ ಗಿಡ ನನ್ನದೇ ಆಗಬಹುದು. ಅರೇಬಿಕಾವನ್ನು ಆಗಲೇ ಬಿಳಿ ಕಾಂಡಕೊರಕ ಹುಳು ತಿನ್ನುತ್ತಿದೆ. ಬಿಸಿಲು, ಸೆಕೆ ಜಾಸ್ತಿಯಾದಷ್ಟೂ ಅದಕ್ಕೆ ಅನುಕೂಲ. ಶೃಂಗೇರಿ, ಕೊಪ್ಪ, ಕಳಸದ ಅಡಿಕೆಗೆ ಎಲೆಚುಕ್ಕಿ ರೋಗ.

ಇದೆಲ್ಲ ದೆಹಲಿ ವಿಷಯ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಕಲ್ಲಿದ್ದಲು ಸುಡುವುದನ್ನು ನೀವೊಬ್ಬರೇ ನಿಲ್ಲಿಸಲು ಆಗುವುದಿಲ್ಲ, ಗೊತ್ತಿದೆ. 2070ಕ್ಕೆ ನಿವ್ವಳ ಶೂನ್ಯ, ಅಂದರೆ ಹೀರಿಕೊಳ್ಳುವುದಕ್ಕಿಂತ ಜಾಸ್ತಿ ಇಂಗಾಲ ಗಾಳಿಗೆ ಬಿಡುವುದಿಲ್ಲ ಅಂತ ದೇಶ 2021ರಲ್ಲೇ ಗ್ಲಾಸ್ಗೊದ ಹವಾಮಾನ ಸಮ್ಮೇಳನದಲ್ಲಿ ಮಾತು ಕೊಟ್ಟಿದೆ. ಆದರೆ ಇಳಿಜಾರಿನ ಗುಡ್ಡಕ್ಕೆ ಜೆಸಿಬಿ ಹಚ್ಚಿ ಹೋಂಸ್ಟೇ ಕಟ್ಟಲು ಬಿಡುವುದು ದೆಹಲಿಯವರಲ್ಲ. ಚರಂಡಿ ಇಲ್ಲದೆ ರಸ್ತೆ ಅಗಲ ಮಾಡುವುದು ದೆಹಲಿಯವರಲ್ಲ. ಕಡೂರಿನ ಕೆರೆಗಳ ಹೂಳು, ನಮ್ಮ ಹಳ್ಳದ ಸಂಕ, ಪಂಚಾಯ್ತಿಯ ಆ ಮಳೆಮಾಪಕ, ಇದೆಲ್ಲ ಇಲ್ಲಿಯದೇ. ಮಳೆ ಬದಲಾಗಿದೆ ಅಂತ ಒಪ್ಪಿಕೊಂಡವರು ಮಾತ್ರ ಸಂಕವನ್ನು ಎರಡಡಿ ಎತ್ತರ ಕಟ್ಟಿಸುತ್ತಾರೆ.

ಅದಕ್ಕೇ ಮತ್ತೆ ಕೇಳುತ್ತೇನೆ. ಹೋಬಳಿಗೊಂದು ಸಭೆ ಕರೆಯಿರಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಕರೆಸಿ, ಮೂಡಿಗೆರೆ ತೋಟಗಾರಿಕೆ ಕಾಲೇಜಿನವರನ್ನು ಕರೆಸಿ. ಅವರು ಕನ್ನಡದಲ್ಲಿ, ನಮ್ಮ ಮಾತಿನಲ್ಲಿ ಹೇಳಲಿ. ನಮ್ಮವರು ಕೇಳಲಿ. ಶಾಲು, ಹಾರ ಏನೂ ಬೇಡ. ನೀವು ದೀಪ ಹಚ್ಚಿ ಇನ್ನೊಂದು ಕಾರ್ಯಕ್ರಮ ಇದೆ ಅಂತ ಎದ್ದು ಹೋಗಬೇಡಿ, ಅದೊಂದು ಮಾಡಬೇಡಿ. ನಾವು ಹೇಳಿದ್ದನ್ನು ಬರೆಸಿಕೊಳ್ಳಿ. ಏನು ಮಾಡುತ್ತೀರಿ, ಏನು ಆಗುವುದಿಲ್ಲ ಅಂತ ಸಹಿ ಹಾಕಿ ಕೊಡಿ. ನಿಮ್ಮ ಎದುರು ನಿಲ್ಲುವವರಿಗೂ ಇದೇ ಪತ್ರ ಕಳಿಸುತ್ತೇನೆ. ನಮ್ಮ ಸ್ವಸಹಾಯ ಸಂಘದಲ್ಲಿ ಹದಿನಾಲ್ಕು ಜನ ಹೆಂಗಸರಿದ್ದೇವೆ. ಈ ಸಲ ಯಾರೇ ಬಂದರೂ ಮಳೆಯ ಪ್ರಶ್ನೆಯನ್ನೇ ಮೊದಲು ಕೇಳುವುದು ಅಂತ ಮಾತಾಡಿಕೊಂಡಿದ್ದೇವೆ.

ಕಾಫಿ ಕೊಯ್ಲು ಮುಗಿದ ಮೇಲೆ, ಹೂಮಳೆಗೆ ಮೊದಲು ಸಭೆ ಇಟ್ಟರೆ ಎಲ್ಲರಿಗೂ ಬಿಡುವಿರುತ್ತದೆ. ಯಾವ ದಿನ ಅಂತ ಒಂದು ವಾರ ಮೊದಲು ತಿಳಿಸಿ. ಮಾವನವರ ಡೈರಿಗಳನ್ನೂ ನನ್ನವನ್ನೂ ಒಂದು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೇನೆ. ತರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು,
ಸಣ್ಣ ಬೆಳೆಗಾರ್ತಿ, ಚಿಕ್ಕಮಗಳೂರು ಜಿಲ್ಲೆ