ನವೆಂಬರ್ 2ರ ಸ್ಮಶಾನ ಪ್ರಾರ್ಥನೆ: ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನವೆಂಬರ್ 2 ನಮ್ಮ ಕ್ರೈಸ್ತರಲ್ಲಿ ಮೃತರ ಸ್ಮರಣೆಯ ದಿನ. ಮಳೆಗೆ ಹುಲ್ಲು ಮೊಣಕಾಲೆತ್ತರ ಬೆಳೆದಿದೆ, ನಮ್ಮ ಕಾರವಾರದಲ್ಲಿ ಅದೇನು ಹೊಸತಲ್ಲ ಬಿಡಿ. ಹಿಂದಿನ ದಿನವೇ ಕತ್ತಿ ತಂದು ನಿಮ್ಮ ನಿಮ್ಮವರ ಸಮಾಧಿಯ ಸುತ್ತ ಸವರಿಡಿ. ಮೇಣದಬತ್ತಿ, ಸೇವಂತಿಗೆ ಸಾಕು. ಪ್ಲಾಸ್ಟಿಕ್ ಹೂ ಬೇಡ.

ಪುನರುತ್ಥಾನ, ಅಂದರೆ ಸತ್ತವರು ಮತ್ತೆ ಏಳುವುದು ಅಂದರೆ, ಆತ್ಮ ಉಳಿಯುತ್ತದೆ ಅಂತ ಅಷ್ಟೇ ಅಲ್ವಾ ಎಂದು ಇಲ್ಲೇ ಒಬ್ಬರು ಕೇಳಿದ್ದರು. ಅಷ್ಟೇ ಅಲ್ಲ. ಬೈಬಲ್‌ನಲ್ಲಿ ಲೂಕನ ಶುಭಸಂದೇಶದ 24ನೇ ಅಧ್ಯಾಯ ನೋಡಿ. ಸಾವಿನಿಂದ ಎದ್ದು ಬಂದ ಯೇಸುವನ್ನು ಕಂಡು ಶಿಷ್ಯರು ಭೂತ ಅಂದುಕೊಂಡು ಹೆದರುತ್ತಾರೆ, ಆಗ ಯೇಸು ಕೈಕಾಲು ತೋರಿಸಿ, ತಿನ್ನಲು ಏನಾದರೂ ಇದೆಯಾ ಎಂದು ಕೇಳಿ, ಕೊಟ್ಟ ಸುಟ್ಟ ಮೀನಿನ ತುಂಡನ್ನು ಎಲ್ಲರೆದುರೇ ತಿನ್ನುತ್ತಾರೆ. ದೇಹವೂ ಸೇರಿಯೇ ಏಳುತ್ತದೆ ಅನ್ನುವುದು ನಮ್ಮ ನಂಬಿಕೆ.

ದೋಣಿ ಮಗುಚಿ ದೇಹವೇ ಸಿಗದ ಮನೆಗಳೂ ನಮ್ಮಲ್ಲಿವೆ. ಸಮುದ್ರ ತನ್ನೊಳಗಿನ ಸತ್ತವರನ್ನು ಒಪ್ಪಿಸುತ್ತದೆ ಎಂದು ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯ ಹೇಳುವುದು ಇವರಿಗೂ ಸೇರಿಯೇ. ಈ ಮನೆಯವರು ನಡುವಿನ ದೊಡ್ಡ ಶಿಲುಬೆಯ ಹತ್ತಿರ ಬತ್ತಿ ಹಚ್ಚಬಹುದು. ಹೆಸರು ಮೊದಲೇ ಕಳಿಸಿ, ಪ್ರಾರ್ಥನೆಯಲ್ಲಿ ಓದುತ್ತೇವೆ. ಮತ್ತೆ, ನಂಬಿಕೆ ಇದ್ದವರು ಅಳಬಾರದು ಅಂತ ದಯವಿಟ್ಟು ಯಾರಿಗೂ ಹೇಳಬೇಡಿ. ತೀರಿಹೋಗಿದ್ದ ಗೆಳೆಯ ಲಾಜರನ ಸಮಾಧಿಗೆ ಹೋಗುವಾಗ ಯೇಸುವೇ ಅತ್ತಿದ್ದರು, ಅವನನ್ನು ಎಬ್ಬಿಸಲಿಕ್ಕೇ ಹೊರಟಿದ್ದರೂ.