ಕೀಮೋ ಮುಗಿಸಿ ಗದ್ದೆಗೆ ಇಳಿಯುವ ಮುನ್ನ: ಮಂಡ್ಯದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಕರುಳಿನ ಕ್ಯಾನ್ಸರ್ ಆಪರೇಷನ್ ಆದ ಮೇಲಿನ ಕೀಮೋ ಕೂಡ ಕೊನೆಯ ಡ್ರಿಪ್ಪಿನೊಂದಿಗೆ ಮುಗಿಯಿತು ಅಂತ ಅತ್ತಿಗೆ ಫೋನ್ ಮಾಡಿದ್ದರು. ವಿ.ಸಿ. ನಾಲೆಗೆ ನೀರು ಬಿಟ್ಟಿದ್ದಾರೆ, ನಾಟಿ ಹೊತ್ತಿಗೆ ಗದ್ದೆಗೆ ಇಳಿದೇ ಇಳೀತೀನಿ ಅಂತ ಹಟ ಹಿಡಿದು ಕೂತಿದ್ದೀಯಂತೆ. ಇಳಿಯೋದಕ್ಕೆ ಮುಂಚೆ ಇದನ್ನು ಓದು. ಹೊಲಮನೆ ಇರುವ ಇನ್ನೂ ನಾಲ್ಕು ಜನಕ್ಕೆ ಆಗಲಿ ಅಂತ ಎಲ್ಲರೆದುರೇ ಬರೀತಿದ್ದೀನಿ.

ಮೊದಲು ಜ್ವರದ ಮಾತು. ಡ್ರಿಪ್ ಹಾಕಿದ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತೆ, ಸಾಮಾನ್ಯವಾಗಿ 3–4 ವಾರಕ್ಕೆ ಮೇಲೇಳುತ್ತೆ. ಗಾಯದಲ್ಲಿ ಕೀವು ತುಂಬಬೇಕಾದರೂ ಆ ಕಣಗಳೇ ಬಂದು ಸೇರಬೇಕು. ಅವು ಕಮ್ಮಿ ಇದ್ದಾಗ ಕೀವೂ ಕಾಣಲ್ಲ, ಊತವೂ ಕಾಣಲ್ಲ. ಎಷ್ಟೋ ಸಲ ಜ್ವರ ಒಂದೇ ಸುಳಿವು. ಅದಕ್ಕೇ ಮೈ ಬಿಸಿ ಅನಿಸಿದ ಕೂಡಲೆ ಡೋಲೋ ನುಂಗಬೇಡ, ಇರುವ ಒಂದು ಸುಳಿವೂ ಮುಚ್ಚಿಹೋಗುತ್ತೆ. ಡಿಜಿಟಲ್ ಥರ್ಮಾಮೀಟರ್ ನಾಲಿಗೆ ಕೆಳಗಿಟ್ಟು ನೋಡು. ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು ನೋಡು. ಕಂಕುಳಲ್ಲಿ ಇಟ್ಟರೆ ಸ್ವಲ್ಪ ಕಮ್ಮಿ ತೋರಿಸುತ್ತೆ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿತೋ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡು. ಚೀಟಿ ಬರೆಯುವವರಿಗೆ ಮೊದಲ ಮಾತೇ 'ಕೀಮೋ ಆಗಿದೆ, ಜ್ವರ ಬಂದಿದೆ' ಅಂತಿರಲಿ. ಕೀಮೋ ಹಾಕೋಕೆ ಎದೆಯ ಚರ್ಮದಡಿ ಕೂರಿಸಿದ ಪೋರ್ಟ್ ಇನ್ನೂ ಇದ್ದು, ಅದನ್ನು ದ್ರಾವಣ ಹಾಯಿಸಿ ಫ್ಲಶ್ ಮಾಡಿಸಿದ ಮೇಲೆ ಗಡಗಡ ಚಳಿ ಬಂದರೆ ಪೋರ್ಟಿಗೇ ಸೋಂಕು ತಗುಲಿರಬಹುದು, ಅದನ್ನೂ ಹೇಳು.

ಇನ್ನು ನಿನ್ನ ಪಾದ. ನಿನ್ನ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಇದರದ್ದೇ. ನಿನಗೆ ಕೊಟ್ಟಿರೋ ಆಕ್ಸಾಲಿಪ್ಲಾಟಿನ್ ನರಗಳ ಮೇಲೆ ಕೆಲಸ ಮಾಡುತ್ತೆ. ಔಷಧಿ ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳು ಜೋಮು ಹೆಚ್ಚುತ್ತಾ ಹೋಗಬಹುದು. 'ಕೀಮೋ ಮುಗಿದ ಮೇಲೆ ಜಾಸ್ತಿ ಆಯ್ತಲ್ಲ' ಅಂತ ಗಾಬರಿ ಬೀಳಬೇಡ. ಆಮೇಲೆ ನಿಧಾನವಾಗಿ ಇಳಿಯುತ್ತೆ, ಕೆಲವರಿಗೆ ವರ್ಷಗಟ್ಟಲೆ ಸ್ವಲ್ಪ ಉಳಿಯೋದೂ ಉಂಟು. ಅಲ್ಲಿವರೆಗೆ ಜಾಲಿಮುಳ್ಳು ಚುಚ್ಚಿದರೂ ನಿನಗೆ ಗೊತ್ತಾಗದೇ ಹೋಗಬಹುದು. ಹವಾಯಿ ಚಪ್ಪಲಿ ಕಾಲಿಂದ ಜಾರಿಹೋದದ್ದೂ ತಿಳಿಯಲ್ಲ, ಹಿಮ್ಮಡಿಗೆ ಪಟ್ಟಿ ಇರೋ ಗಟ್ಟಿ ಅಟ್ಟೆಯದ್ದು ತಗೋ. ರಾತ್ರಿ ಕಾಲು ತೊಳೆದು, ಬೆರಳ ಸಂದಿ ಒರೆಸಿ, ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೋ. ಬಿರಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚು, ಬೆರಳ ಸಂದಿಗೆ ಮಾತ್ರ ಬೇಡ. ಅಲ್ಲಿ ತೇವ ನಿಂತರೆ ಕೆಸರುಹುಣ್ಣು. ಹಂಡೆ ನೀರಿಗೆ ಕಾಲಿಡುವ ಮೊದಲು ಮೊಣಕೈ ಅದ್ದಿ ಬಿಸಿ ನೋಡು, ಚಳಿ ಅಂತ ಒಲೆ ಮುಂದೆ ಪಾದ ಚಾಚಬೇಡ. ಉರಿ, ನೋವು ತಡೆಯೋಕಾಗದಿದ್ದರೆ ನರದ ನೋವಿಗೆ ಕೊಡೋ ಡುಲೋಕ್ಸೆಟಿನ್ ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳು. ಬಿ12 ಕೊರತೆ ಇಲ್ಲದವರಿಗೆ ಬಿ12 ಸೂಜಿಯಿಂದ ಈ ಜೋಮು ಹೋಗಲ್ಲ, ಸುಮ್ಮನೆ ದುಡ್ಡು ದಂಡ.

ಈ ಕಾಲಿಟ್ಟುಕೊಂಡು ಕೆಸರುಗದ್ದೆಗೆ ಇಳಿದರೆ ಏನಾಗುತ್ತೆ ಗೊತ್ತಲ್ಲ. ಇಲಿ ಉಚ್ಚೆ ಬೆರೆತ ನೀರಿನಿಂದ ಇಲಿಜ್ವರದ ರೋಗಾಣು ಚರ್ಮದ ಸಣ್ಣ ಬಿರುಕಲ್ಲೂ ಒಳಹೊಕ್ಕುತ್ತೆ. ಈ ಸಲದ ನಾಟಿ ಆಳುಗಳ ಕೈಲೇ ಆಗಲಿ, ನೀನು ಬದುವಿನ ಮೇಲೆ ನಿಂತು ಯಜಮಾನಿಕೆ ಮಾಡು. ನೀರು ತಿರುಗಿಸಲು ಇಳಿಯಲೇಬೇಕಾದರೆ ಗಮ್‌ಬೂಟು ಹಾಕಿಕೋ, ಹಾಕುವ ಮುನ್ನ ತಲೆಕೆಳಗು ಮಾಡಿ ಒದರು. ಕೊಯ್ದಂತಾಗಿರೋ ಗಾಯವಿದ್ದ ದಿನ ಅದೂ ಬೇಡ. ಜ್ವರದ ಜೊತೆ ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು ಅಂದರೆ ಇಲಿಜ್ವರದ ಪರೀಕ್ಷೆ ಮಾಡಿಸು. ಕಬ್ಬಿನ ಗರಿ ಕೈ ಕೊಯ್ಯುತ್ತೆ, ತುಂಬು ತೋಳಿನ ಅಂಗಿ ಇರಲಿ. ತಿಪ್ಪೆ ಕೆದಕಿ ಗೊಬ್ಬರ ತುಂಬೋ ಕೆಲಸವನ್ನು ತಮ್ಮನಿಗೆ ಬಿಡು, ಏಳುವ ಧೂಳಿನಲ್ಲಿ ಬೂಷ್ಟಿನ ಬೀಜಾಣು ಇದ್ದು ಶ್ವಾಸಕೋಶ ಸೇರುತ್ತೆ. ಹಸು ಈಯುವಾಗ ಮಾಸು ಎಳೆಯೋದು, ಹಸಿ ಹಾಲು ಕುಡಿಯೋದು ಎರಡೂ ಬೇಡ, ಬ್ರುಸೆಲ್ಲಾ ಜ್ವರ ಬರೋದು ಹಾಗೇ.

ಊಟದಲ್ಲಿ ಜನ ಹೆದರಿಸಿದಷ್ಟು ಕಟ್ಟುಪಾಡೇನಿಲ್ಲ. ಬೆಲ್ಲ ತಿಂದರೆ ಕ್ಯಾನ್ಸರ್ ಬೆಳೆಯುತ್ತೆ ಅನ್ನೋ ಮಾತು ನಂಬಿ ಮಂಡ್ಯದವನು ಬೆಲ್ಲ ಬಿಡಬೇಕಿಲ್ಲ, ಮೈತೂಕ ಏರದಂತೆ ಮಿತಿಯಲ್ಲಿರಲಿ ಅಷ್ಟೆ. ಬಿಸಿ ಮುದ್ದೆ, ಕಾಳಿನ ಬಸ್ಸಾರು, ಮೊಟ್ಟೆ, ಮನೆ ಮೊಸರು ಎಲ್ಲ ಆಗುತ್ತೆ. 60 ಕೆಜಿ ತೂಕದವನಿಗೆ ದಿನಕ್ಕೆ 60 ಗ್ರಾಮಿಗಿಂತ ಹೆಚ್ಚು ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರೋದು ಸುಮಾರು 6 ಗ್ರಾಂ, ಲೆಕ್ಕ ಹಾಕಿಕೋ. ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡಬೇಡಿ ಅಂತ ಅತ್ತಿಗೆಗೆ ಹೇಳು, ಅದರಲ್ಲಿ ಹುಟ್ಟಿದ ನಂಜು ಒಗ್ಗರಣೆಯ ಬಿಸಿಗೆ ಸಾಯಲ್ಲ. ರಸ್ತೆಬದಿಯ ಐಸ್ ಹಾಕಿದ ಕಬ್ಬಿನ ಹಾಲು ಸದ್ಯಕ್ಕೆ ಬೇಡ. ಬನ್ನೂರು ಕುರಿ ಬಾಡೂಟ ಬಿಡು ಅಂದರೆ ನೀನು ಕೇಳಲ್ಲ, ಬೆಂದ ಮೇಲಿನ ತೂಕ ವಾರಕ್ಕೆ ಅರ್ಧ ಕೆಜಿ ಮೀರದಿರಲಿ; ನಾಟಿಕೋಳಿ ಈ ಲೆಕ್ಕಕ್ಕೆ ಬರಲ್ಲ. ಬ್ರಾಂದಿ, ಬೀಡಿ ಬಗ್ಗೆ ಏನು ಹೇಳಲಿ, ಬಿಡಲೇಬೇಕು. ಯಾರೋ ಹೇಳಿದರು ಅಂತ ದಿನಾ ಅಮೃತಬಳ್ಳಿ ಕಷಾಯ ಕುಡೀತಿದ್ದರೆ ನಿಲ್ಲಿಸು. ಅದರಿಂದ ಲಿವರ್ ಕೆಟ್ಟ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ.

ನಡಿಗೆ ವಿಷಯ ಹೊಸದು, ಗಮನ ಕೊಡು. ಕರುಳಿನ ಕ್ಯಾನ್ಸರಿಗೆ ಆಪರೇಷನ್, ಕೀಮೋ ಎರಡೂ ಮುಗಿಸಿದ 889 ಜನರ ಮೇಲೆ ನಡೆದ ಚಾಲೆಂಜ್ ಅನ್ನೋ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಒಂದು ಗುಂಪಿಗೆ ಕೈಪಿಡಿ ಮಾತ್ರ, ಇನ್ನೊಂದಕ್ಕೆ ಮೂರು ವರ್ಷ ತರಬೇತುದಾರರ ಜೊತೆ ವ್ಯಾಯಾಮ. ಐದು ವರ್ಷಕ್ಕೆ ಕ್ಯಾನ್ಸರ್ ಇಲ್ಲದೆ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 80, ಇನ್ನೊಂದರಲ್ಲಿ 74. ಅವರು ಮಾಡಿದ್ದೇನು ಅಂದರೆ, ಮಾಮೂಲಿ ಓಡಾಟದ ಮೇಲೆ ವಾರಕ್ಕೆ ಮೂರು ನಾಲ್ಕು ದಿನ, ಮುಕ್ಕಾಲು ಗಂಟೆ ಬಿರುಸು ನಡಿಗೆಯಷ್ಟು ಹೆಚ್ಚುವರಿ. ಹಾಗಾಗಿ 'ಗದ್ದೆ ಕೆಲಸಾನೇ ಸಾಕು' ಅನ್ನೋ ನಿನ್ನ ವಾದ ನಡೆಯಲ್ಲ. ಹತ್ತು ನಿಮಿಷದಿಂದ ಶುರು ಮಾಡು, ಮಾತಾಡಬಹುದು ಆದರೆ ಹಾಡೋಕಾಗಲ್ಲ ಅನ್ನೋಷ್ಟು ವೇಗ ಸಾಕು. ಕಾಲು ಜೋಮಿದೆ, ಬೆಳಕಿರುವಾಗ ಸಮತಟ್ಟು ದಾರೀಲೇ ಹೋಗು, ನಾಲೆ ಏರಿ ಅಂಚಿಗೆ ಬೇಡ.

ಲಸಿಕೆಯಲ್ಲಿ ವರ್ಷಕ್ಕೊಂದು ಫ್ಲೂ ಸೂಜಿ, ಜೊತೆಗೆ ನ್ಯುಮೋನಿಯಾ ತಡೆಯೋ ನ್ಯೂಮೋಕಾಕಲ್, ಯಾವಾಗ ಅಂತ ಡಾಕ್ಟರನ್ನೇ ಕೇಳು. ಜೀವಂತ ವೈರಸ್ ಇರೋ ಲಸಿಕೆ ಕೀಮೋ ಮುಗಿದು ಕನಿಷ್ಠ ಮೂರು ತಿಂಗಳು ಬೇಡ. ಕ್ಯಾನ್ಸರ್ ಮರಳಿದೆಯಾ ಅಂತ ಸುಳಿವು ಕೊಡೋ ಸಿಇಎ ರಕ್ತಪರೀಕ್ಷೆ ಮೊದಲ ಎರಡು ವರ್ಷ 3–6 ತಿಂಗಳಿಗೊಮ್ಮೆ; ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಕೊಳವೆ ಹಾಕಿ ದೊಡ್ಡಕರುಳು ನೋಡೋದು, ಆಪರೇಷನ್ ಆಗಿ ಒಂದು ವರ್ಷಕ್ಕೆ. ಫೈಲನ್ನು ಮಳೆ ತಾಗದ ಕವರಿನಲ್ಲಿಟ್ಟು, ಎಷ್ಟನೇ ಡ್ರಿಪ್ ಯಾವತ್ತು ಅನ್ನೋ ಹಾಳೆ ಎಲ್ಲಕ್ಕಿಂತ ಮೇಲೆ ಸಿಗುವಂತಿರಲಿ. ನಿನ್ನ ತಮ್ಮನಿಗೂ ನಲವತ್ತು ತುಂಬಿತಲ್ಲವಾ? ಒಡಹುಟ್ಟಿದವರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ಅಪಾಯ ಹೆಚ್ಚು, ಹಾಗಾಗಿ ಏನೂ ತೊಂದರೆ ಇಲ್ಲದಿದ್ದರೂ ಅವನಿಗೂ ಒಂದು ಕೊಲೊನೋಸ್ಕೋಪಿ ಆಗಬೇಕು. ಮುಂದಿನ ಚೆಕಪ್ಪಿಗೆ ಮೈಸೂರಿಗೆ ಬರುವಾಗ ಅವನನ್ನೂ ಕರ್ಕೊಂಡು ಬಾ.

ಅತ್ತಿಗೆಗೆ ನಮಸ್ಕಾರ ತಿಳಿಸು.

ನಿನ್ನ ಗೆಳೆಯ,
ಮೈಸೂರು